ಬಿಸಿ ಕೊಡದ ಪೆಟ್ಟಿಗೆ

ಹೆಸರಿನಿಂದಲೇ ಕೆಲವು ವಸ್ತುಗಳಿಗೆ ಅನ್ಯಾಯವಾಗುವುದುಂಟು. ಗೋಡೆಯ ಮೇಲ್ಭಾಗದಲ್ಲಿ ಬಿಳಿಯ ಪೆಟ್ಟಿಗೆಯಂತೆ ತೂಗುವ ಯಂತ್ರವನ್ನು ನಮ್ಮ ಶಾಲೆಯ ಮಕ್ಕಳು 'ಏಸಿ' ಎನ್ನುತ್ತಾರೆ. ಏಸಿ ಎಂದರೇನೆಂದು ಕೇಳಿದರೆ 'ತಂಪು ಕೊಡೋದು ಸಾರ್' ಎಂದು ಒಕ್ಕೊರಲಿನಿಂದ ಉತ್ತರ ಬರುತ್ತದೆ. ಬ್ಯಾಂಕಿನಲ್ಲಿಯೋ ಪೇಟೆಯ ಬಟ್ಟೆ ಅಂಗಡಿಯಲ್ಲಿಯೋ ಅದನ್ನು ಕಂಡ ಮಕ್ಕಳಿಗೆ ಬೇರೆ ಉತ್ತರ ತೋಚಬೇಕಾದ ಕಾರಣವೂ ಇಲ್ಲ. ಆದರೆ ಕನ್ನಡದಲ್ಲಿ ಅದಕ್ಕೆ ಹವಾನಿಯಂತ್ರಕವೆಂಬ ಹೆಸರುಂಟಷ್ಟೆ. ಆ ಹೆಸರನ್ನು ಟಂಕಿಸಿದ ಪುಣ್ಯಾತ್ಮರು ಅದರಲ್ಲಿ ತಂಪಿನ ಮಾತನ್ನೇ ಎತ್ತಲಿಲ್ಲ. ಹವೆಯನ್ನು ಹದದಲ್ಲಿರಿಸುವುದು ಅದರ ಧರ್ಮ. ಸೆಕೆಯಿದ್ದಲ್ಲಿ ತಂಪು, ಚಳಿಯಿದ್ದಲ್ಲಿ ಬೆಚ್ಚನೆ. ಬಾಯಲ್ಲಿ ಸುಲಭವಾಗಿ ಹೊರಳುವ ಎರಡಕ್ಷರದ ಹೆಸರಿಗಿಂತ ಈ ಉದ್ದನೆಯ ಹೆಸರೇ ಯಂತ್ರದ ಸ್ವಭಾವಕ್ಕೆ ಹತ್ತಿರವಾಗಿದೆಯೆಂಬುದು ನಮಗೆ 2025ರ ಜನವರಿಯಲ್ಲಿ, ಸಂಕ್ರಾಂತಿಯ ರಜೆಗೆಂದು ಉದಕಮಂಡಲದ ಅಕ್ಕನ ಮನೆಗೆ ಹೋಗಿದ್ದಾಗ, ಚೆನ್ನಾಗಿ ಮನದಟ್ಟಾಯಿತು.

ತಾಳವಾಡಿಯಲ್ಲಿ ಪಾಠ ಹೇಳುವ ನಮಗೆ ಚಳಿ ಹೊಸದಲ್ಲ. ದಿಂಬಂ ಘಟ್ಟದ ಮೇಲಿನ ನಮ್ಮ ಊರುಗಳಲ್ಲಿಯೂ ಮಾರ್ಗಶಿರದಲ್ಲಿ ಮಕ್ಕಳು ಕಿವಿಗೆ ಬಟ್ಟೆ ಸುತ್ತಿಕೊಂಡೇ ಶಾಲೆಗೆ ಬರುತ್ತಾರೆ. ಆದರೆ ನೀಲಗಿರಿಯ ಚಳಿ ಬೇರೆಯ ಜಾತಿಯದು. ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ರಾತ್ರಿಯ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿಯುವುದು ಅಲ್ಲಿ ಸಾಮಾನ್ಯ. ತಗ್ಗಿನ ಹುಲ್ಲುಬಯಲುಗಳಲ್ಲಿ ಸೊನ್ನೆಯನ್ನು ಮುಟ್ಟುವುದೂ ಉಂಟು. ಬೆಳಗಿನ ಜಾವ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಯಾರೋ ಉಪ್ಪು ಚೆಲ್ಲಿ ಹೋದಂತೆ ಕಾಣುತ್ತದೆ. ಬಿಳಿಯರ ಕಾಲದ ಬಂಗಲೆಗಳಲ್ಲಿ ಕೋಣೆಗೊಂದು ಗೋಡೆಯೊಲೆ, ಅದರ ಮೇಲೊಂದು ಹೊಗೆಗೂಡು ಇರುತ್ತಿತ್ತು. ಈಗಿನ ಕಾಂಕ್ರೀಟಿನ ಮನೆಗಳಲ್ಲಿ ಆ ಎರಡೂ ಇಲ್ಲ. ಭಾವನವರು ಕಟ್ಟಿಸಿದ ಮನೆಯೂ ಇಂಥದೇ. ಕಿಟಕಿಗಳು ದೊಡ್ಡವು, ನೆಲ ನಯವಾದದ್ದು, ಮುಂಜಾನೆ ಬರಿಗಾಲನ್ನಿಟ್ಟರೆ ಅಂಗಾಲು ಮರಗಟ್ಟುತ್ತದೆ.

ಅಕ್ಕನ ಅತ್ತೆಯವರಿಗೆ ಎಂಬತ್ತು ದಾಟಿದೆ. ಮನೆಮಂದಿಯೊಂದಿಗೆ ನಾವೂ ಅವರನ್ನು ಅವ್ವ ಎಂದೇ ಕರೆಯುವುದು. ಅವರಿಗೆ ಹಳೆಯ ಉಬ್ಬಸದ ಬಾಧೆ. ಹೊಗೆ ಸೋಕಿದರೆ ರಾತ್ರಿಯೆಲ್ಲ ಕುಳಿತೇ ಕಳೆಯಬೇಕು. ಚಳಿ ಸೋಕಿದರೂ ಅದೇ ಗತಿ. ಈ ಎರಡರ ನಡುವೆ ಸಿಕ್ಕಿಕೊಂಡ ಜೀವಕ್ಕಾಗಿಯೇ ಭಾವನವರು ಸಾಲ ಮಾಡಿ, ಬಿಸಿಯನ್ನೂ ತಂಪನ್ನೂ ಕೊಡುವ ಹವಾನಿಯಂತ್ರಕವೊಂದನ್ನು ಅವ್ವನ ಕೋಣೆಗೆ ಹಾಕಿಸಿದ್ದರು. ಎರಡು ಚಳಿಗಾಲ ಅದು ನಿಷ್ಠೆಯಿಂದ ದುಡಿಯಿತು. ನಾವು ಹೋದ ಮರುದಿನ ಸಂಜೆ ದೀಪ ಹೊತ್ತಿಸಿಕೊಂಡು ಸುಮ್ಮನೆ ಕುಳಿತುಬಿಟ್ಟಿತು. ಹತ್ತು ನಿಮಿಷವಾದ ಮೇಲೆ ಅದರ ಬಾಯಿಂದ ಹೊರಟದ್ದು ತಣ್ಣನೆಯ ಉಸಿರು. ಕೋಣೆಯ ಉಷ್ಣತೆ ಆಗ 13 ಡಿಗ್ರಿ.

ಮುಂದಿನ ಕಥೆಯನ್ನು ಹೇಳುವ ಮೊದಲು ಈ ಯಂತ್ರ ಚಳಿಯಲ್ಲಿ ಬಿಸಿಯನ್ನು ಎಲ್ಲಿಂದ ತರುತ್ತದೆಂಬುದನ್ನು ಅರಿತುಕೊಳ್ಳಬೇಕು. ನಮ್ಮ ಸೋದರಳಿಯ, ಆರನೆಯ ತರಗತಿಯ ಹುಡುಗ, ಅದೇ ಸಂಜೆ ಈ ಪ್ರಶ್ನೆಯನ್ನು ನಮಗೆ ಹಾಕಿದನು. ಪ್ರಶ್ನೆ ಕೇಳುವ ಮಗುವನ್ನು 'ಆಮೇಲೆ ಹೇಳುತ್ತೇವೆ' ಎಂದು ಕಳುಹಿಸುವುದು ನಮ್ಮ ವೃತ್ತಿಗೆ ಸಲ್ಲದು.

ಉದಕಮಂಡಲದ ಅಡುಗೆಮನೆಯಲ್ಲಿಯೇ ಇದಕ್ಕೆ ಉತ್ತರವಿದೆ. ಅಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದು ತಡ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾದುದರಿಂದ ನೀರು 100 ಡಿಗ್ರಿಯವರೆಗೆ ಕಾಯದೆ 92-93 ಡಿಗ್ರಿಗೇ ಕುದಿದುಬಿಡುತ್ತದೆ. ಅದೇ ನೀರನ್ನು ಕುಕ್ಕರಿನಲ್ಲಿ ಬಂಧಿಸಿದರೆ ಒತ್ತಡವೇರಿ 115 ಡಿಗ್ರಿಯ ಸಮೀಪಕ್ಕೆ ಹೋಗುತ್ತದೆ. ಅಂದರೆ ದ್ರವವೊಂದು ಎಷ್ಟು ಬಿಸಿಗೆ ಕುದಿಯಬೇಕೆಂಬುದನ್ನು ಒತ್ತಡ ನಿರ್ಧರಿಸುತ್ತದೆ. ಇನ್ನೊಂದು ಮಾತು: ಕುದಿಯುವ ದ್ರವ ಸುತ್ತಲಿನ ಉಷ್ಣವನ್ನು ಹೀರಿಕೊಳ್ಳುತ್ತದೆ, ಆವಿ ಮತ್ತೆ ದ್ರವವಾಗುವಾಗ ಹೀರಿಕೊಂಡ ಉಷ್ಣವನ್ನೆಲ್ಲ ಬಿಟ್ಟುಕೊಡುತ್ತದೆ. ಕೈಗೆ ಸ್ಪಿರಿಟ್ ಹಚ್ಚಿದರೆ ತಣ್ಣಗಾಗುವುದೂ, ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದೂ ಮಕ್ಕಳೆಲ್ಲ ಬಲ್ಲ ಸಂಗತಿ. ಒಂದು ಬಗೆಯಲ್ಲಿ ನೋಡಿದರೆ ಹವಾನಿಯಂತ್ರಕವೆಂದರೆ ಈ ಸ್ಪಿರಿಟ್ಟನ್ನೂ ಈ ಪಂಪನ್ನೂ ಒಂದೇ ಕೊಳವೆಗೆ ಪೋಣಿಸಿದ್ದು. ಕೊಳವೆಯಲ್ಲಿ ಹರಿಯುವ ಅನಿಲಗಳಲ್ಲೊಂದಾದ ಆರ್-32 ಸಮುದ್ರಮಟ್ಟದ ಒತ್ತಡದಲ್ಲಿ ಸೊನ್ನೆಗಿಂತ ಸುಮಾರು 52 ಡಿಗ್ರಿ ಕೆಳಗೇ ಕುದಿಯುತ್ತದೆ. ಅಷ್ಟು ಬೇಗ ಕುದಿಯುವ ವಸ್ತುವಿಗೆ 5 ಡಿಗ್ರಿಯ ಗಾಳಿಯೂ ಉರಿಯುವ ಒಲೆಯೇ! ಮನೆಯ ಹೊರಗಿನ ಪೆಟ್ಟಿಗೆಯಲ್ಲಿ ಅದು ಚಳಿಗಾಳಿಯಿಂದಲೇ ಉಷ್ಣವನ್ನು ಹೀರಿ ಆವಿಯಾಗುತ್ತದೆ. ಸಂಪೀಡಕ, ಅಂದರೆ ಕಂಪ್ರೆಸರ್, ಆ ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ. ಒಳಗಿನ ಪೆಟ್ಟಿಗೆಯಲ್ಲಿ ಅದು ದ್ರವವಾಗುತ್ತ ಉಷ್ಣವನ್ನು ಕೋಣೆಗೆ ಕೊಡುತ್ತದೆ. ಬೇಸಗೆಯಲ್ಲಿ ಇದೇ ವ್ಯಾಪಾರ ತಿರುಗುಮುರುಗು.

ವಿದ್ಯುತ್ ಹೀಟರಿಗಿಂತ ಇದು ಮಿತವ್ಯಯಿಯಾಗಿರುವುದಕ್ಕೂ ಇದೇ ಕಾರಣ. ಕೆಂಪಗೆ ಕಾಯುವ ತಂತಿಯ ಹೀಟರು ಒಂದು ಯೂನಿಟ್ ವಿದ್ಯುತ್ತಿಗೆ ಒಂದೇ ಯೂನಿಟ್ ಉಷ್ಣವನ್ನು ಕೊಡಬಲ್ಲುದು. ಹವಾನಿಯಂತ್ರಕ ಉಷ್ಣವನ್ನು ಹುಟ್ಟಿಸುವುದಿಲ್ಲ, ಹೊತ್ತು ತರುತ್ತದೆ. ಕೂಲಿ ಒಂದು ಪಾಲು, ಹೊರೆ ಮೂರು ಪಾಲು. ಚಳಿ ಹೆಚ್ಚಿದಷ್ಟೂ ಹೊರೆ ಕಿರಿದಾಗುವುದು ನಿಜ.

ಇದೇನೂ ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಗ್ಲಾಸ್ಗೋವಿನಲ್ಲಿ ವಿಲಿಯಂ ಕಲೆನ್ 1748ರಲ್ಲಿಯೇ ಈಥರನ್ನು ನಿರ್ವಾತದಲ್ಲಿ ಕುದಿಸಿ ತಂಪನ್ನುಂಟುಮಾಡಿ ತೋರಿಸಿದ್ದರು. ಅದೇ ಊರಿನ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು, ಇಂಥ ಯಂತ್ರದಿಂದ ಕಟ್ಟಡಗಳನ್ನು ಬೆಚ್ಚಗಿಡಬಹುದೆಂದು 1852ರಲ್ಲಿ ಲೆಕ್ಕ ಹಾಕಿ ಬರೆದರು. ಸ್ವಿಟ್ಸರ್‌ಲೆಂಡಿನ ಜ್ಯೂರಿಕ್ ನಗರಸಭಾಭವನವನ್ನು ಲಿಮ್ಮಾಟ್ ಎಂಬ ನದಿಯ ತಣ್ಣೀರಿನಿಂದ ಉಷ್ಣವನ್ನೆತ್ತಿ ಬೆಚ್ಚಗೆ ಮಾಡತೊಡಗಿದ್ದು 1938ರಲ್ಲಿ. ಇನ್ನು ವಿಲಿಸ್ ಕ್ಯಾರಿಯರ್ ಎಂಬ ಅಮೆರಿಕದ ಎಂಜಿನಿಯರು 1902ರಲ್ಲಿ ಹವಾನಿಯಂತ್ರಣ ವ್ಯವಸ್ಥೆಯನ್ನು ರೂಪಿಸಿದ್ದು ಮನುಷ್ಯರಿಗಾಗಿಯೇ ಅಲ್ಲ, ಬ್ರೂಕ್ಲಿನ್ನಿನ ಮುದ್ರಣಾಲಯವೊಂದರ ಕಾಗದಕ್ಕಾಗಿ! ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಕೂರುತ್ತಿರಲಿಲ್ಲವಂತೆ. ಪತ್ರಿಕೆ ಅಚ್ಚು ಹಾಕುವ ಗೆಳೆಯರಿಗೆ ಈ ಸಂಗತಿ ರುಚಿಸೀತೆಂದು ಇಲ್ಲಿ ಹೇಳಿದ್ದೇವೆ. ನಮ್ಮ ಅವ್ವನ ಕೋಣೆಗೆ ಮರಳೋಣ.

ಯಂತ್ರ ಬಿಸಿ ಕೊಡಲಿಲ್ಲವೆಂದ ಮಾತ್ರಕ್ಕೆ ಅದು ಕೆಟ್ಟಿದೆಯೆಂದು ತೀರ್ಮಾನಿಸಲಾಗದು. ಮಗು ಉತ್ತರ ಹೇಳಲಿಲ್ಲವೆಂದ ಮಾತ್ರಕ್ಕೆ ದಡ್ಡನೆನ್ನಲಾದೀತೆ? ಪ್ರಶ್ನೆ ಕೇಳಿಸಿತೋ ಇಲ್ಲವೋ ಎಂಬುದನ್ನು ಮೊದಲು ನೋಡಬೇಕು. ಕೈಯಲ್ಲಿ ಹಿಡಿಯುವ ರಿಮೋಟಿನ ಮೇಲೆ ಸೂರ್ಯನ ಚಿತ್ರವಿದೆಯೇ, ಹಿಮದ ಹರಳಿನದೇ? ಸೂರ್ಯನಿದ್ದರೆ ಬಿಸಿ. 'ಆಟೋ' ಎಂದಿಟ್ಟರೆ ಯಂತ್ರ ತನ್ನಿಚ್ಛೆಯಂತೆ ನಡೆಯುತ್ತದೆ. ಕೋರಿದ ಉಷ್ಣತೆ ಕೋಣೆಯ ಉಷ್ಣತೆಗಿಂತ ಹೆಚ್ಚಾಗಿರಬೇಕು. ಬಿಸಿಗೆಂದು ಚಾಲೂ ಮಾಡಿದ ಮೊದಲ ಕೆಲವು ನಿಮಿಷ ಗಾಳಿಯೇ ಬಾರದಿರುವುದು ದೋಷವಲ್ಲ. ಒಳಗಿನ ಸುರುಳಿ ಕಾಯುವ ಮುನ್ನ ತಣ್ಣನೆಯ ಗಾಳಿಯನ್ನು ಮೈಮೇಲೆ ಊದಬಾರದೆಂಬ ಸೌಜನ್ಯ ಅದು. ನಡುನಡುವೆ ಐದಾರು ನಿಮಿಷ, ಒಮ್ಮೊಮ್ಮೆ ಹತ್ತು ನಿಮಿಷ ನಿಂತುಬಿಡುವುದೂ ದೋಷವಲ್ಲ. ಚಳಿಯೂ ತೇವವೂ ಕೂಡಿದ ಹವೆಯಲ್ಲಿ ಹೊರಗಿನ ಪೆಟ್ಟಿಗೆಯ ಮೇಲೆ ಹಿಮ ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರ ತಾನಾಗಿಯೇ ಸ್ವಲ್ಪ ಹೊತ್ತು ದಿಕ್ಕು ಬದಲಿಸಿ ಉಷ್ಣವನ್ನು ಹೊರಕ್ಕೆ ಕಳುಹಿಸುತ್ತದೆ. ಆಗ ಹೊರಗಿನ ಪೆಟ್ಟಿಗೆಯಿಂದ ಬಿಳಿಯ ಹಬೆಯೇಳುವುದನ್ನು ಕಂಡು ಹೊಗೆಯೆಂದು ಹೆದರುವವರುಂಟು. ಬಯಲುಸೀಮೆಯಲ್ಲಿ ಮಾರಾಟವಾಗುವ ಎಷ್ಟೋ ಯಂತ್ರಗಳಿಗೆ ಬಿಸಿ ಕೊಡುವ ಏರ್ಪಾಡೇ ಇರುವುದಿಲ್ಲವೆಂಬುದನ್ನೂ ಹೇಳಬೇಕು. ಅವುಗಳಲ್ಲಿ 30 ಡಿಗ್ರಿ ಎಂದಿಟ್ಟರೆ 'ಇಷ್ಟು ತಂಪಾದರೆ ಸಾಕು' ಎಂದರ್ಥವೇ ಹೊರತು 'ಇಷ್ಟು ಬಿಸಿ ಮಾಡು' ಎಂದಲ್ಲ.

ಇವೆಲ್ಲವನ್ನೂ ಅಳಿಯನೂ ನಾವೂ ಒಂದೊಂದಾಗಿ ನೋಡಿದೆವು. ಸೂರ್ಯನಿದ್ದನು, ಉಷ್ಣತೆ 24 ಎಂದಿತ್ತು. ಮುಚ್ಚಳವನ್ನೆತ್ತಿ ಧೂಳು ತಡೆಯುವ ಜಾಲರಿಗಳನ್ನು ತೆಗೆದು ನೋಡಿದರೆ ಅಕ್ಕನ ಅಚ್ಚುಕಟ್ಟುತನದ ಸಾಕ್ಷಿಯಾಗಿ ಹೊಳೆಯುತ್ತಿದ್ದುವು. ಸಂಜೆಯ ಹೊತ್ತು ಊರಿನವರೆಲ್ಲ ಹೀಟರು ಹಚ್ಚುವುದರಿಂದ ವಿದ್ಯುತ್ತಿನ ಒತ್ತಡ ಕುಗ್ಗುವುದುಂಟು. ಅದನ್ನು ತೋರಿಸುವ ಸ್ಟೆಬಿಲೈಸರಿನ ಅಂಕಿಯೂ ಸರಿಯಾಗಿಯೇ ಇತ್ತು. 'ತಂಪಿಗೆ ಹಾಕಿ ನೋಡೋಣ ಮಾವ, ತಂಪಾದರೂ ಬಂದರೆ ಅರ್ಧ ಸರಿ ಇದೆ ಅಂತಾಯ್ತಲ್ಲ' ಎಂದನು ಅಳಿಯ. ಯೋಚನೆ ಒಳ್ಳೆಯದೇ. ಆದರೆ ಆ ಯಂತ್ರದಲ್ಲಿ ಕೋರಬಹುದಾದ ಅತಿ ಕಡಿಮೆಯ ಉಷ್ಣತೆ 16 ಡಿಗ್ರಿ. ಕೋಣೆ ಆಗಲೇ 13ರಲ್ಲಿತ್ತು. ಕೇಳಿದ್ದಕ್ಕಿಂತ ಹೆಚ್ಚು ತಂಪು ತಾನಾಗಿಯೇ ಇರುವಾಗ ಅದು ಏಕೆ ದುಡಿದೀತು?

ಮರುದಿನ ಪೇಟೆಯ ದುರಸ್ತಿ ಅಂಗಡಿಯೊಂದರಿಂದ ಒಬ್ಬರು ಬಂದರು. ಅಂಗಡಿಯ ಹೆಸರು ಇಲ್ಲಿ ಬೇಡ. ಅವರು ಒಳಗಿನ ಪೆಟ್ಟಿಗೆಯ ಮುಂದೆ ಕೈಯೊಡ್ಡಿ, ಎರಡು ನಿಮಿಷ ನಿಂತು, 'ಗ್ಯಾಸ್ ಇಲ್ಲೆ ಸಾರ್, ಫುಲ್ ಚಾರ್ಜ್ ಪಣ್ಣಣುಂ' ಎಂದರು. 3,500 ರೂಪಾಯಿ ಆಗುವುದೆಂದರು. ಹೊರಗಿನ ಪೆಟ್ಟಿಗೆಯತ್ತ ಅವರು ತಲೆಯೆತ್ತಿ ಕೂಡ ನೋಡಲಿಲ್ಲ. ಭಾವನವರು ಹಣ ತರಲು ಒಳಕ್ಕೆ ಎದ್ದೇಬಿಟ್ಟರು. ತಾಯಿ ರಾತ್ರಿಯೆಲ್ಲ ಕೆಮ್ಮಿದ್ದನ್ನು ಕೇಳಿದ ಮಗ ಚೌಕಾಸಿ ಮಾಡಲಾರನು. ನಮಗೆ ಮಾತ್ರ ಒಂದು ಸಂದೇಹ. ಈ ಅನಿಲ ಸೀಮೆಎಣ್ಣೆಯಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ಅದದೇ ಅನಿಲ ವರ್ಷಗಟ್ಟಲೆ ಸುತ್ತುತ್ತದೆ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿರಬೇಕು. ಸೋರಿದ ಜಾಗವನ್ನು ಹುಡುಕದೆ ಹೊಸದನ್ನು ತುಂಬುವುದು ಬಿರುಕುಬಿಟ್ಟ ಕೊಡಕ್ಕೆ ನೀರು ಹೊಯ್ದಂತೆ. 'ಎಲ್ಲಿ ಸೋರಿದೆ?' ಎಂದು ಕೇಳಿದೆವು. 'ಅದೆಲ್ಲಾಂ ಪಾಕ್ಕ ಮುಡಿಯಾದು ವಾದ್ಯಾರೇ' ಎಂಬ ಉತ್ತರ ಬಂದಿತು. ನೋಡಲಾಗದ ಸೋರಿಕೆಗೆ ಕೊಡುವ ಹಣ ಎಷ್ಟು ದಿನ ಬಾಳೀತು? ಒಂದು ದಿನ ತಾಳೋಣವೆಂದು ಭಾವನವರನ್ನು ಒಪ್ಪಿಸಿದೆವು. ಆ ಒಂದು ದಿನ ಅವ್ವನ ಎದೆಯ ಮೇಲೆ ಬೀಳುವ ಹೊರೆಯೆಂಬುದು ನಮಗೆ ತಿಳಿಯದ ಸಂಗತಿಯಲ್ಲ. ಆದುದರಿಂದಲೇ ಅಂದು ನಮಗೆ ಊಟ ರುಚಿಸಲಿಲ್ಲ.

ಸಮಸ್ಯೆಯ ಗಂಟನ್ನು ಬಿಚ್ಚಿದ್ದು ಬೆಕ್ಕು. ಅಕ್ಕನ ಮನೆಯಲ್ಲಿ ಬೂದುಬಣ್ಣದ ಬೆಕ್ಕೊಂದಿದೆ. ಬಿಸಿಲಿದ್ದಲ್ಲಿ ಬಿಸಿಲು, ಒಲೆಯಿದ್ದಲ್ಲಿ ಒಲೆ, ಇದೇ ಅದರ ದಿನಚರಿ. ಸಂಜೆ ಯಂತ್ರವನ್ನು ಮತ್ತೊಮ್ಮೆ ಬಿಸಿಗೆ ಹಾಕಿ ಕಾಯುತ್ತಿದ್ದಾಗ ಅಳಿಯ ಹಿತ್ತಿಲಿನಿಂದ ಕೂಗಿದನು: 'ಮಾವ, ಬೆಕ್ಕು ನೋಡಿ, ಹೊರಗಿನ ಪೆಟ್ಟಿಗೆ ಮುಂದೆ ಹೋಗಿ ಕೂತ್ಕಂಡದ!' ಹೋಗಿ ನೋಡಿದೆವು. ಹೊರಗಿನ ಪಂಖ ತಿರುಗುತ್ತಿತ್ತು. ಬೆಕ್ಕು ಅದರ ಗಾಳಿಗೆ ಮೈಯೊಡ್ಡಿ, ಕಣ್ಣು ಮುಚ್ಚಿ, ತಪಸ್ವಿಯಂತೆ ಕುಳಿತಿತ್ತು. ನಾವೂ ಕೈಯೊಡ್ಡಿದೆವು. ಗಾಳಿ ಬೆಚ್ಚಗಿತ್ತು!

ಇದರ ಅರ್ಥವನ್ನು ಓದುಗರು ತುಸು ಯೋಚಿಸಬೇಕು. ಯಂತ್ರ ಕೋಣೆಯನ್ನು ಬೆಚ್ಚಗೆ ಮಾಡುತ್ತಿದ್ದರೆ ಹೊರಗಿನ ಗಾಳಿಯಿಂದ ಉಷ್ಣವನ್ನು ಕಿತ್ತುಕೊಳ್ಳಬೇಕು. ಆಗ ಹೊರಗಿನ ಪೆಟ್ಟಿಗೆಯಿಂದ ಹೊರಡುವ ಗಾಳಿ ಸುತ್ತಲಿನ ಚಳಿಗಿಂತಲೂ ತಣ್ಣಗಿರಬೇಕು. ಯಾವ ಬೆಕ್ಕೂ ಅಲ್ಲಿ ಕೂರದು. ಬೆಚ್ಚನೆಯ ಗಾಳಿ ಬರುತ್ತಿದೆಯೆಂದರೆ ಕಂಪ್ರೆಸರ್ ದುಡಿಯುತ್ತಿದೆ, ಅನಿಲವೂ ಇದೆ. ಆದರೆ ಉಷ್ಣ ಮನೆಯೊಳಕ್ಕೆ ಬರುವ ಬದಲು ಹಿತ್ತಿಲಿಗೆ ಹೋಗುತ್ತಿದೆ. ಅನಿಲವೆಲ್ಲ ಸೋರಿಹೋಗಿದ್ದರೆ ಒಳಗೂ ಹೊರಗೂ ಉಷ್ಣದ ಸಾಗಾಟವೇ ನಿಂತು, ಎರಡು ಕಡೆಯ ಗಾಳಿಯೂ ಇದ್ದಂತೆಯೇ ಇರುತ್ತಿತ್ತು. ಅಳಿಯ ಬಗ್ಗಿ ನೋಡಿ ಇನ್ನೊಂದು ಸಾಕ್ಷಿಯನ್ನೂ ಹೇಳಿದನು. ಒಳಗಿನಿಂದ ಬರುವ ಎರಡು ತಾಮ್ರದ ಕೊಳವೆಗಳು ಹೊರಗಿನ ಪೆಟ್ಟಿಗೆಯನ್ನು ಸೇರುವಲ್ಲಿ, ದಪ್ಪ ಕೊಳವೆಯ ಹಿತ್ತಾಳೆಯ ಕೀಲಿನ ಮೇಲೆ ತೆಳ್ಳಗೆ ಮಂಜು ಕಟ್ಟಿತ್ತು. ಬಿಸಿಯ ಓಟದಲ್ಲಿ ಆ ಕೀಲು ಸುಡುವಂತಿರಬೇಕು. ಮುಟ್ಟಬೇಡವೆಂದು ಅವನನ್ನು ಹಿಂದಕ್ಕೆ ಕರೆದೆವು. ಕಣ್ಣಿಗೆ ಕಂಡಷ್ಟೇ ಸಾಕಾಗಿತ್ತು. ಕೆಲವು ನಿಮಿಷಗಳಲ್ಲಿ ಯಂತ್ರ ತಾನೇ ಸಂಶಯಪಟ್ಟು ನಿಂತಿತು. ಒಳಗೆ ದೀಪ ಮಿಣುಕತೊಡಗಿತು.

ಯಂತ್ರಕ್ಕೆ ದಿಕ್ಕು ತೋರಿಸುವ ಅಂಗವೊಂದಿದೆ. ಹಿತ್ತಾಳೆಯ ಗಿಡ್ಡ ಉರುಳೆ. ಅದಕ್ಕೆ ಒಂದು ಕಡೆ ಒಂದು, ಇನ್ನೊಂದು ಕಡೆ ಮೂರು, ಹೀಗೆ ನಾಲ್ಕು ಕೊಳವೆಗಳು. ಒಳಗೆ ಜಾರುವ ತುಂಡೊಂದು ಆ ಕಡೆ ಸರಿದರೆ ತಂಪಿನ ದಾರಿ, ಈ ಕಡೆ ಸರಿದರೆ ಬಿಸಿಯ ದಾರಿ. ರೈಲ್ವೆಯ ಹಳಿ ಬದಲಿಸುವ ಕೀಲಿಯೆಂದರೆ ಮಕ್ಕಳಿಗೆ ತಿಳಿಯುತ್ತದೆ. ಇದನ್ನು ಸರಿಸುವುದಕ್ಕೆ ಮೇಲೊಂದು ಚಿಕ್ಕ ತಂತಿಸುರುಳಿಯಿದೆ. ಅದಕ್ಕೆ ವಿದ್ಯುತ್ ಕೊಟ್ಟರೆ ಅಯಸ್ಕಾಂತವಾಗಿ ಸೂಜಿಯಷ್ಟು ಕಿರಿದಾದ ಬಾಗಿಲೊಂದನ್ನು ಸೆಳೆಯುತ್ತದೆ; ಆ ಬಾಗಿಲಿನ ಮೂಲಕ ಅನಿಲದ ಒತ್ತಡವೇ ನುಗ್ಗಿ ದೊಡ್ಡ ತುಂಡನ್ನು ತಳ್ಳುತ್ತದೆ. ಗೋಡೆಗೆ ತೂಗುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಬಿಸಿಗೆ ಮಾತ್ರ ಈ ಸುರುಳಿಗೆ ವಿದ್ಯುತ್ ಬೇಕು. ವಿದ್ಯುತ್ ಇಲ್ಲದಾಗ ತುಂಡು ತಂಪಿನ ಕಡೆಗೇ ನಿಂತಿರುತ್ತದೆ. ಹಾಗಾದರೆ ದೋಷ ಮೂರರಲ್ಲೊಂದು: ಸುರುಳಿಗೆ ವಿದ್ಯುತ್ ಬರುತ್ತಿಲ್ಲ, ಇಲ್ಲವೆ ಸುರುಳಿ ಸತ್ತಿದೆ, ಇಲ್ಲವೆ ಒಳಗಿನ ತುಂಡೇ ಸಿಕ್ಕಿಕೊಂಡಿದೆ. ಮೊದಲೆರಡು ಅಗ್ಗದವು, ಮೂರನೆಯದಕ್ಕೆ ಅನಿಲವನ್ನೆಲ್ಲ ತೆಗೆದು, ಕೊಳವೆಗಳನ್ನು ಕಾಯಿಸಿ ಬೆಸೆಯಬೇಕು.

ಇಷ್ಟರಲ್ಲಿ ಮನೆಯೊಳಗೆ ಬೇರೊಂದು ಕೋಲಾಹಲ. ಅವ್ವನಿಗೆ ಚಳಿ ತಡೆಯದು. 'ಅಗ್ಗಿಷ್ಟಿಕೆಗೆ ಕೆಂಡ ಹಾಕ್ಕಂಡು ಬಾ ಮಗ, ಕದ ಮುಚ್ಕಂಡು ಮನಗ್ತೀನಿ. ಇದ್ದಲು ಹೊಗೆ ಬರಾಕಿಲ್ಲ' ಎಂದು ಮಗನನ್ನು ಕರೆದರು. ಅವರು ಹೇಳಿದ್ದು ನಿಜ. ಚೆನ್ನಾಗಿ ಹೊತ್ತಿದ ಇದ್ದಲಿಗೆ ಹೊಗೆಯಿಲ್ಲ. ಅಪಾಯವಿರುವುದೂ ಅಲ್ಲಿಯೇ. ಮುಚ್ಚಿದ ಕೋಣೆಯಲ್ಲಿ ಕೆಂಡ ಕಾರ್ಬನ್ ಮಾನಾಕ್ಸೈಡನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಮ್ಮು ಬರಿಸಿ ಎಚ್ಚರಿಸುವ ಗುಣವೂ ಇಲ್ಲ. ರಕ್ತದ ಹೀಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಾಲಿಗೂ ಮಿಗಿಲಾದ ಬಿಗಿಯಿಂದ ಅಪ್ಪಿಕೊಳ್ಳುತ್ತದೆ. ಮಲಗಿದವರು ತಲೆನೋವನ್ನೂ ಅರಿಯದೆ ನಿದ್ದೆಯಿಂದ ನಿದ್ದೆಗೇ ಜಾರಿಬಿಡುತ್ತಾರೆ. ಚಳಿಯ ಊರುಗಳಲ್ಲಿ ಈ ಬಗೆಯ ಸಾವಿನ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದದವರಿಲ್ಲ. ಆದರೂ ತಲೆತಲಾಂತರದಿಂದ ಕೆಂಡದ ಮುಂದೆ ಕುಳಿತು ಬಾಳಿದ ಹಿರಿಯರಿಗೆ ಇದನ್ನು ಹೇಳುವುದು ಸುಲಭವಲ್ಲ. 'ನಿಮ್ಮ ಹಳೆಯ ಮನೆಗೆ ಹೆಂಚಿನ ಮಾಡಿತ್ತಲ್ಲ ಅವ್ವ, ಸಂದಿಯಲ್ಲೆಲ್ಲ ಗಾಳಿ ಆಡುತ್ತಿತ್ತು; ಈ ಮನೆ ಡಬ್ಬಿಯ ಹಾಗೆ ಮುಚ್ಚಿಕೊಂಡಿದೆ' ಎಂದೆವು. ಅವ್ವ ನಮ್ಮನ್ನು ನೋಡಿದರು, ಮಗನನ್ನು ನೋಡಿದರು. 'ಮೇಷ್ಟ್ರು ಹೇಳಿದ್ ಮ್ಯಾಲ ಕೇಳ್ದೆ ಇದ್ರೆ ಕಿವಿ ಹಿಂಡ್ತಾರ' ಎಂದು ನಕ್ಕು ಕಂಬಳಿಯನ್ನು ಮೇಲಕ್ಕೆಳೆದುಕೊಂಡರು. ಅಗ್ಗಿಷ್ಟಿಕೆ ವರಾಂಡದಲ್ಲಿಯೇ ಉಳಿಯಿತು. ಆ ರಾತ್ರಿಯೂ ಮುಂದಿನ ಎರಡು ರಾತ್ರಿಯೂ ರಬ್ಬರಿನ ಬಿಸಿನೀರ ಚೀಲಗಳು, ನೆರೆಮನೆಯಿಂದ ಎರವಲು ತಂದ ತಂತಿಯ ಹೀಟರು, ಎರಡು ಹೆಚ್ಚಿನ ಕಂಬಳಿ, ಇಷ್ಟರಲ್ಲಿ ಸಾಗಿಸಬೇಕಾಯಿತು. ಅಕ್ಕ ಎರಡು ಗಂಟೆಗೊಮ್ಮೆ ಎದ್ದು ನೀರಿನ ಚೀಲ ಬದಲಿಸಿದಳು. ಹೀಟರನ್ನು ಹೊದಿಕೆಗೆ ತಾಗದಂತೆ ದೂರವಿರಿಸುವ ಕಾವಲು ನಮ್ಮದಾಗಿತ್ತು.

ಭಾವನವರು ವಿಚಾರಿಸಿ ಕೋಟಗಿರಿಯ ಕಡೆಯ ತರುಣನೊಬ್ಬನನ್ನು ಕರೆಸಿದರು. ಐಟಿಐಯಲ್ಲಿ ಓದಿದವನು. ಅವನ ಮನೆಮಾತು ಬಡಗ, ನಮ್ಮದು ಕನ್ನಡ. ಅವನು ಅವನ ಮಾತಿನಲ್ಲಿ, ನಾವು ನಮ್ಮ ಮಾತಿನಲ್ಲಿ ಆಡಿದರೂ ಮುಕ್ಕಾಲು ಪಾಲು ಇಬ್ಬರಿಗೂ ತಿಳಿಯುತ್ತಿತ್ತು. ಉಳಿದ ಕಾಲು ಪಾಲಿಗೆ ತಮಿಳು ಒದಗಿತು. ಬೆಕ್ಕಿನ ಸಾಕ್ಷ್ಯವನ್ನು ಹೇಳಿದಾಗ ಅವನು ನಗಲಿಲ್ಲ. ನೇರವಾಗಿ ಹಿತ್ತಿಲಿಗೆ ನಡೆದನು. ಇದರಿಂದಲೇ ಅವನ ಮೇಲೆ ನಮಗೆ ನಂಬಿಕೆ ಹುಟ್ಟಿತು. ಗೋಡೆಯ ಮುಖ್ಯ ಸ್ವಿಚ್ಚನ್ನು ಆರಿಸಿ ಸುಮಾರು ಹತ್ತು ನಿಮಿಷ ಸುಮ್ಮನೆ ಕುಳಿತನು. ವಿದ್ಯುತ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಪ್ರಾಣಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರುತ್ತದಂತೆ. ಅದು ಇಳಿಯುವ ತನಕ ಮುಟ್ಟಬಾರದು. ಹುಡುಗರು ಇದನ್ನು ಚೆನ್ನಾಗಿ ನೆನಪಿಡಬೇಕು. ಮುಚ್ಚಳ ಬಿಚ್ಚುವುದು ನಮ್ಮಂಥವರ ಕೆಲಸವೂ ಅಲ್ಲ, ಅಳಿಯನಂಥವರ ಕೆಲಸವಂತೂ ಅಲ್ಲವೇ ಅಲ್ಲ.

ಆಮೇಲೆ ಮುಚ್ಚಳ ತೆಗೆದು, ಸುರುಳಿಯ ಎರಡು ತಂತಿಗಳನ್ನು ಕಳಚಿ ಮೀಟರಿನ ಮೊನೆಗಳನ್ನಿಟ್ಟನು. ಮುಳ್ಳು ಮಿಸುಕಲಿಲ್ಲ. ಒಳಗೆಲ್ಲಿಯೋ ತಂತಿ ತುಂಡಾಗಿತ್ತು. ಸುರುಳಿಯ ಹೊದಿಕೆ ಬಿರಿದು, ಹಸಿರು ಕಿಲುಬು ಹಿಡಿದಿತ್ತು. ಹಿಂಗಾರಿನ ಮಳೆ ಒಳಕ್ಕೆ ದಾರಿ ಮಾಡಿಕೊಂಡಿತ್ತು. ಯಂತ್ರ ಕೂರಿಸಿದವರು ಆ ಕಡೆಯ ಮುಚ್ಚಳಕ್ಕೆ ಮೂರು ತಿರುಪು ಹಾಕಬೇಕಾದಲ್ಲಿ ಒಂದನ್ನೇ ಹಾಕಿ ಹೋಗಿದ್ದುದನ್ನು ಅವನು ಬೆರಳಿಟ್ಟು ತೋರಿಸಿದನು. ಸುರುಳಿ ಒಂದೇ ತಿರುಪಿನಲ್ಲಿ ನಿಂತಿರುವ ವಸ್ತು. ಅನಿಲದ ಕೊಳವೆಯನ್ನು ಬಿಚ್ಚದೆಯೇ ಬದಲಿಸಬಹುದು. ಆದರೆ ಆ ಮಾದರಿಯ ಸುರುಳಿ ಉದಕಮಂಡಲದಲ್ಲಿ ಸಿಗದೆ ಕೊಯಮತ್ತೂರಿನಿಂದ ಬಸ್ಸಿನಲ್ಲಿ ಬರಬೇಕಾಯಿತು.

ಮೂರನೆಯ ದಿನ ಮಧ್ಯಾಹ್ನ ಬಂದಿತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಕೂರಿಸಿ, ಮೂರು ತಿರುಪುಗಳನ್ನೂ ಬಿಗಿದು, ಯಂತ್ರವನ್ನು ಬಿಸಿಗೆ ಹಾಕಿದನು. ಎಲ್ಲರೂ ಹಿತ್ತಿಲಿನಲ್ಲಿ ಉಸಿರು ಹಿಡಿದು ನಿಂತೆವು. 'ಟಕ್' ಎಂದಿತು, ಹಿಂದೆಯೇ ದೀರ್ಘವಾಗಿ ಉಸಿರೆಳೆದುಕೊಂಡಂತೆ ಒಂದು ಸದ್ದು. 'ತಿರುಗಿತು' ಎಂದನು ಅವನು. ತುಂಡು ಸಿಕ್ಕಿಕೊಂಡಿರಲಿಲ್ಲ. ಐದು ನಿಮಿಷದಲ್ಲಿ ಅವ್ವನ ಕೋಣೆಯಿಂದ ಅಕ್ಕನ ದನಿ ಕೇಳಿಸಿತು. ಹೋಗಿ ನೋಡಿದರೆ ಅವ್ವ ಎರಡೂ ಅಂಗೈಗಳನ್ನು ಮೇಲಕ್ಕೆ ಚಾಚಿ, ಮಂಗಳಾರತಿ ತೆಗೆದುಕೊಳ್ಳುವವರಂತೆ, ಬೆಚ್ಚನೆಯ ಗಾಳಿಯನ್ನು ಮುಖಕ್ಕೆ ಒತ್ತಿಕೊಳ್ಳುತ್ತಿದ್ದರು.

ಸುರುಳಿಗೆ 650 ರೂಪಾಯಿ, ಕೂಲಿಗೆ 500. ಬಸ್ಸಿನ ಸಾಗಾಣಿಕೆಯನ್ನು ಆ ತರುಣ ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ. ಅವ್ವನ ಕೈಯ ರಾಗಿ ರೊಟ್ಟಿಯನ್ನು ಮಾತ್ರ ಇನ್ನೊಂದು ಕೇಳಿ ಹಾಕಿಸಿಕೊಂಡನು; ಒಲೆಯ ಮುಂದೆ ಕುಳಿತು ಅದನ್ನು ತಟ್ಟುವಷ್ಟು ಚೇತರಿಕೆ ಅವ್ವನಿಗೆ ಸಂಜೆಯ ಹೊತ್ತಿಗಾಗಲೇ ಬಂದಿತ್ತು. ಬಿಸಿಗಾಳಿಗೆ ಮೂಗು ಒಣಗುತ್ತದೆಂದು ಅವರು ದೂರಿದಾಗ ಅಕ್ಕ ಹಾಸಿಗೆಯ ಬಳಿ ಅಗಲವಾದ ಪಾತ್ರೆಯಲ್ಲಿ ನೀರಿಟ್ಟಳು.

ನಾವು ಹೊರಟದ್ದು ಮರುದಿನ ಮುಂಜಾನೆ, ಮೇಟುಪಾಳಯದ ಮೊದಲ ಬಸ್ಸಿಗೆ. ಹುಲ್ಲೆಲ್ಲ ಬೆಳ್ಳಗಿತ್ತು. ಚೀಲ ಹಿಡಿದು ಹೊಸಿಲು ದಾಟುವ ಹೊತ್ತಿಗೆ ಹಿತ್ತಿಲಿನ ಪೆಟ್ಟಿಗೆಯಿಂದ ದಟ್ಟವಾಗಿ ಬಿಳಿಯ ಹಬೆಯೆದ್ದಿತು. ಬೇಲಿಯಾಚೆಯ ಮನೆಯವರು ಗಾಬರಿಯಿಂದ ಕೂಗಿಕೊಂಡು, ನೀರಿನ ಬಕೆಟ್ಟನ್ನೂ ಎತ್ತಿಕೊಂಡು ಓಡಿಬಂದರು. ಅಕ್ಕ ಸೆರಗು ಸುತ್ತಿಕೊಂಡು ಬೇಲಿಯ ಬಳಿಗೆ ಹೋಗಿ, ಅದು ಬೆಂಕಿಯಲ್ಲವೆಂದೂ, ಹಿಮ ಕರಗುತ್ತಿದೆಯೆಂದೂ, ಇನ್ನೈದು ನಿಮಿಷ ತಾಳಿದರೆ ತಾನಾಗಿಯೇ ನಿಲ್ಲುವುದೆಂದೂ ತಮಿಳಿನಲ್ಲಿ ವಿಸ್ತಾರವಾಗಿ ತಿಳಿಸಿ ಹೇಳತೊಡಗಿದಳು. ಬಸ್ಸಿಗೆ ಹೊತ್ತಾಗುತ್ತಿದ್ದುದರಿಂದ ಪೂರ್ತಿ ಕೇಳಲಾಗಲಿಲ್ಲ.